ಆರಾಮ ಎಂಬ ಸುಳ್ಳು

ನಮ್ಮ ಕಡೆ ಎದುರಿಗೆ ಬಂದವರೆಲ್ಲ ಕೇಳುವ ಮೊದಲ ಮಾತು ‘ಆರಾಮ ಅದೀರಿಲ್ರಿ?’ ಎಂಬುದು. ಕೇಳಿದವರು ಉತ್ತರಕ್ಕಾಗಿ ನಿಲ್ಲುವುದಿಲ್ಲ. ನೀವು ‘ಆರಾಮ’ ಎನ್ನುವ ಹೊತ್ತಿಗೆ ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾರೆ. ಜ್ವರದಿಂದ ಮೈ ಸುಡುತ್ತಿದ್ದರೂ ಆರಾಮ, ಮನೆಯಲ್ಲಿ ಜಗಳವಾಡಿ ಹೊರಬಿದ್ದಿದ್ದರೂ ಆರಾಮ.

ನನಗೆ ಮಾತ್ರ ಈ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಲು ಬರುವುದಿಲ್ಲ. ಯಾರಾದರೂ ಕೇಳಿದರೆ ನಿಂತು ಒಂದು ಗಳಿಗೆ ಯೋಚಿಸುತ್ತೇನೆ. ಮೊನ್ನೆ ಗೋಕಾವಿ ಬಸ್‌ಸ್ಟ್ಯಾಂಡಿನಲ್ಲಿ ಗುರುತಿನವರೊಬ್ಬರು ಕೇಳಿದಾಗ, “ತಡೀರಿ, ನೋಡಿ ಹೇಳ್ತೇನಿ” ಎಂದು ಕಣ್ಣು ಮುಚ್ಚಿ ನಿಂತೆ. ಪಾಪ, ಅವರು ನನಗೆ ಎದೆನೋವು ಬಂತೆಂದೇ ತಿಳಿದು ಚಹಾದಂಗಡಿಗೆ ನೀರು ತರಲು ಓಡಿದರು. ನೀರು ಬರುವಷ್ಟರಲ್ಲಿ ನನ್ನ ಉತ್ತರ ಸಿದ್ಧವಾಗಿತ್ತು: “ಮೊಣಕಾಲ ನೋವು ಐತಿ. ಮನಸ್ಸು ನಿನ್ನಿಗಿಂತ ಬೇಶ್ ಐತಿ.” ಅವರು ಆ ನೀರನ್ನು ತಾವೇ ಕುಡಿದರು.

“ಅಜ್ಜಿ, ಅದು ಪ್ರಶ್ನಿ ಅಲ್ಲ. ನಮಸ್ಕಾರ ಇದ್ದಂಗ” ಎಂದು ಮೊಮ್ಮಗಳು ಹಲವು ಸಲ ತಿದ್ದಿದ್ದಾಳೆ. ಅವಳು ಹೇಳುವುದು ಸರಿ. ಆದರೆ ನನ್ನ ಈ ಚಟಕ್ಕೆ ಒಂದು ಕಾರಣವಿದೆ. ಅದನ್ನು ಹೇಳಬೇಕೆಂದರೆ ನಾನು ಎಂಥ ಅಂಜುಬುರುಕಿ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು.

ಹುಕ್ಕೇರಿಯಲ್ಲಿ ನಾನು ಹುಟ್ಟಿ ಬೆಳೆದದ್ದು. ಅಪ್ಪ ಸಾಲಿ ಮಾಸ್ತರರು, ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಓಣಿಯಲ್ಲಿ ನನ್ನಷ್ಟು ಅಂಜುವ ಹುಡುಗಿ ಇನ್ನೊಬ್ಬಳಿರಲಿಲ್ಲ. ಸಿಡುಬಿನ ಚುಚ್ಚುಮದ್ದು ಹಾಕುವವರು ಬಂದರೆಂದರೆ ನಾನು ಜೋಳ ತುಂಬಿಡುವ ಬಿದಿರ ಕಣಜದೊಳಗೆ ಇಳಿದು ಕೂತುಬಿಡುತ್ತಿದ್ದೆ. ಒಮ್ಮೆ ಹಾಗೆ ಕೂತವಳಿಗೆ ಅಲ್ಲೇ ನಿದ್ದೆ ಬಂತು. ಎದ್ದಾಗ ಕಿವಿಯೊಳಗೆ ಜೋಳದ ಕಾಳು ಸಿಕ್ಕಿಕೊಂಡಿತ್ತು. ಅದನ್ನು ತೆಗೆಸಲು ಕೊನೆಗೆ ಆ ಚುಚ್ಚುವವರ ಹತ್ತಿರವೇ ಅಪ್ಪ ನನ್ನನ್ನು ಎತ್ತಿಕೊಂಡು ಹೋದರು. ಕಾಳನ್ನೂ ತೆಗೆದರು, ತೋಳಿಗೂ ಚುಚ್ಚಿದರು.

ಆ ಅಂಜಿಕೆಗಳಿಗೆಲ್ಲ ಒಂದೊಂದು ಮುಖವಿತ್ತು. ಓಡಿಹೋಗಬಹುದಿತ್ತು, ಅಡಗಬಹುದಿತ್ತು. ನನ್ನೊಳಗೆ ಬಹುಕಾಲ ಉಳಿದ ಅಂಜಿಕೆ ಬೇರೆಯದು. ನಮ್ಮ ಓಣಿಯ ಮೂಲೆಮನೆಯ ಸೊಸೆ ಹಡೆದು ಕೆಲವು ತಿಂಗಳಾಗಿತ್ತು. ಒಂದು ಮುಂಜಾನೆ ಅವಳನ್ನು ಸವಾರಿ ಬಂಡಿಯಲ್ಲಿ ಕೂರಿಸಿಕೊಂಡು ಹೋದರು. “ಧಾರವಾಡಕ್ಕ ಒಯ್ದ್ರಂತ” ಎಂದು ಹೆಂಗಸರು ದನಿ ತಗ್ಗಿಸಿ ಹೇಳಿಕೊಂಡರು. ನಮ್ಮ ಕಡೆ ಹಾಗೆಂದರೆ ತಲೆ ಕೆಟ್ಟಿದೆ, ಹುಚ್ಚಿನ ದವಾಖಾನೆಗೆ ಒಯ್ದರು ಎಂದೇ ಅರ್ಥ. ಕೂಸು ಮನೆಯಲ್ಲೇ ಉಳಿಯಿತು. ಬಂಡಿಯ ಹಿಂಬದಿಯಿಂದ ಅವಳು ನಮ್ಮನ್ನೆಲ್ಲ ನೋಡುತ್ತ ಹೋದಳು. ಅವಳು ಕೂಗಾಡಲಿಲ್ಲ. ಯಾರೋ ನೀಟಾಗಿ ತಲೆ ಬಾಚಿ, ಅಬ್ಬಲಿಗೆ ಹೂ ಮುಡಿಸಿದ್ದರು. ಆ ಹೂವು ನೋಡಿಯೇ ನನಗೆ ಅಂಜಿಕೆಯಾದದ್ದು. ಅವಳು ತಿರುಗಿ ಬಂದದ್ದನ್ನು ನಾನು ನೋಡಲಿಲ್ಲ.

ಮುಂದೆ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ, ಮಮದಾಪುರದ ಸಾಲಿಯಲ್ಲಿ ಎರಡು ವರ್ಷ ಅಕ್ಕೋರಾಗಿ ಕೆಲಸ ಮಾಡಿದೆ. ದೆವ್ವ ಗಿವ್ವ ಎಲ್ಲ ಸುಳ್ಳೆಂದು ಮಕ್ಕಳಿಗೆ ಪಾಠ ಹೇಳಿ, ಸಂಜೆಯಾದರೆ ಒಬ್ಬಳೇ ನೀರಿಗೆ ಹೋಗಲು ಹಿಂದೆಮುಂದೆ ನೋಡುತ್ತಿದ್ದೆ. ಕರ್ನಾಟಕದ ಏಕೀಕರಣವಾಗಿ ಎರಡು ಮೂರು ವರ್ಷಗಳಾಗಿರಬೇಕು, ನನ್ನ ಮದುವೆಯಾಯಿತು. ನಮ್ಮವರು ಹುಕ್ಕೇರಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಮನೆ ಮಾತ್ರ ಮೂಡಲಗಿ ಹತ್ತಿರದ ಕುಲಗೋಡದಲ್ಲಿ. ಅವರು ಹುಕ್ಕೇರಿಯಲ್ಲೊಂದು ಖೋಲಿ ಮಾಡಿಕೊಂಡಿದ್ದು, ಶನಿವಾರಕ್ಕೊಮ್ಮೆ ಗೋಕಾವಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಕುಲಗೋಡದ ಮನೆಯಲ್ಲಿ ನಾನು ಮತ್ತು ಅತ್ತೆ ಗಂಗವ್ವ, ಇಬ್ಬರೇ. ಅತ್ತೆಗೆ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಾತು ಕಡಿಮೆ, ಕೆಲಸ ಜಾಸ್ತಿ. ನಗುವುದನ್ನು ನಾನು ನೋಡಿದ್ದು ಒಂದೆರಡು ಸಲ, ಅದೂ ಎಮ್ಮೆಯ ಕರುವಿನ ಜೊತೆ.

ತವರಿನಲ್ಲಿ ಅವ್ವ ಇಲ್ಲದ್ದರಿಂದ ನನ್ನ ಮೊದಲ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಹೆರಿಗೆ ಮಾಡಿಸಿದವಳು ಊರ ಸೂಲಗಿತ್ತಿ ಹುಸೇನಬಿ. ಎಲ್ಲರೂ ಅವಳನ್ನು ಬೀಬಕ್ಕ ಎನ್ನುತ್ತಿದ್ದರು. ಹೆಣ್ಣು ಕೂಸು ಹುಟ್ಟಿತು, ಕಮಲಾ ಎಂದು ಹೆಸರಿಟ್ಟೆವು. ಅತ್ತೆ ಬಾಣಂತನದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಹೊರಸಿನ ಕೆಳಗೆ ಕೆಂಡ, ಅಳವಿ ಪಾಯಸ, ಅಂಟಿನ ಉಂಡೆ, ಬಿಸಿ ರೊಟ್ಟಿ, ಸಬ್ಬಸಿಗೆ ಪಲ್ಯ. ತಿಂದೂ ತಿಂದೂ ನಾನೇ ಒಂದು ಕಣಜವಾಗಿದ್ದೆ.

ಕೂಸಿಗೆ ಎರಡು ತಿಂಗಳಾಗುತ್ತ ಬಂದಾಗ ಅದು ಶುರುವಾಯಿತು. ಅಡುಗೆಮನೆಯಲ್ಲಿ ಈಳಿಗೆ ಮುಂದಿಟ್ಟುಕೊಂಡು ಸಬ್ಬಸಿಗೆ ಹೆಚ್ಚುತ್ತಿದ್ದೆ. ಬಾಜೂಕ್ಕೆ ಕಮಲಾ ಕೌದಿಯ ಮೇಲೆ ಕೈಕಾಲು ಆಡಿಸುತ್ತ ಮಲಗಿದ್ದಳು. ಕಣ್ಣ ಮುಂದೆ ಒಂದು ಚಿತ್ರ ಬಂತು. ಆ ಚಿತ್ರದಲ್ಲಿ ಈಳಿಗೆಯಿತ್ತು, ಕೂಸಿತ್ತು, ನನ್ನ ಕೈಯಿತ್ತು. ಇದಕ್ಕಿಂತ ಹೆಚ್ಚು ಬರೆಯಲಾರೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಬಂದು ಹೋಯಿತು. ಕೂಸು ಹಾಗೇ ಆಡುತ್ತಿತ್ತು. ಈಳಿಗೆಯನ್ನು ಒಯ್ದು ದನದ ಕೊಟ್ಟಿಗೆಯ ಹುಲ್ಲಿನಲ್ಲಿ ಬಚ್ಚಿಟ್ಟೆ. ಸಂಜೆ ಅತ್ತೆ ಮನೆಯೆಲ್ಲ ಹುಡುಕಿದರು. ಎಲ್ಲಿಟ್ಟೆನೋ ಮರೆತೆ ಎಂದೆ. ಅದು ಮೊದಲ ಸುಳ್ಳು.

ಮರುದಿನ ಹಿತ್ತಿಲಿನ ಬಾವಿ. ಕೂಸನ್ನು ಎತ್ತಿಕೊಂಡು ಬಾವಿಯ ಹತ್ತಿರ ಹೋದರೆ ಅಂಥದೇ ಇನ್ನೊಂದು ಚಿತ್ರ. ಆಮೇಲೆ ಒಲೆ, ಹಂಡೆಯ ಕುದಿನೀರು, ಅಟ್ಟದ ಏಣಿ. ಮನೆಯಲ್ಲಿದ್ದ ಒಂದೊಂದು ವಸ್ತುವೂ ನನಗೆ ಏನೋ ಹೇಳಿಕೊಡಲು ಕಾದು ಕೂತಂತಿತ್ತು. ಕೂಸೆಂದರೆ ನನಗೆ ಪ್ರಾಣ. ಅದಕ್ಕೆ ಇರುವೆ ಕಚ್ಚಿದರೂ ನನಗೆ ಅಳು ಬರುತ್ತಿತ್ತು. ಹಾಗಿದ್ದ ಮೇಲೆ ಈ ಚಿತ್ರಗಳು ಯಾರವು? ನನ್ನ ತಲೆಯೊಳಗೇ ಬರುತ್ತಿದ್ದವೆಂದರೆ ನನ್ನವೇ ಇರಬೇಕು. ನಾನು ಅಂಥವಳೇ ಇರಬೇಕು.

ಆಗಿನಿಂದ ನಾನು ನನ್ನ ಕೈಗಳನ್ನೇ ಕಾಯಲು ಕೂತೆ. ಕೂಸಿಗೆ ಹಾಲು ಕುಡಿಸಿದ ತಕ್ಷಣ ತೊಟ್ಟಿಲಿಗೆ ಹಾಕಿ ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದೆ. ಕೈ ನೋವೆಂದು ಹೇಳಿ ಕೂಸಿಗೆ ನೀರೆರೆಯುವುದನ್ನು ಅತ್ತೆಗೇ ಬಿಟ್ಟೆ. ಕೂಸು ಮಲಗಿದರೂ ನನಗೆ ನಿದ್ದೆಯಿಲ್ಲ, ಮಲಗಿದರೆ ಕಾಯುವವರು ಯಾರು? ಕಣಜದಂತಿದ್ದವಳು ಬಡಿಗೆಯಂತಾದೆ.

ಮನೆಗೆ ಬಂದುಹೋದವರೆಲ್ಲ ಕೇಳುತ್ತಿದ್ದರು: “ಆರಾಮ ಅದೀಯಿಲ್ಲವಾ?”

“ಆರಾಮ ಅದೇನ್ರಿ” ಎನ್ನುತ್ತಿದ್ದೆ.

ಅತ್ತೆ ದೃಷ್ಟಿಯಾಗಿದೆಯೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕಲ್ಲೋಳಿಯ ಗುಡಿಯಿಂದ ಮಂತ್ರಿಸಿದ ದಾರ ತರಿಸಿ ನನ್ನ ತೋಳಿಗೆ ಕಟ್ಟಿದರು. ಒಂದು ಶನಿವಾರ ನಮ್ಮವರು ಗೋಕಾವಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರರು ವಯಸ್ಸಾದವರು, ಸಮಾಧಾನದ ಮನುಷ್ಯ. “ಏನಾಗ್ತೈತಿ, ತಂಗಿ?” ಎಂದು ಕೇಳಿದರು. ಬಾಯಿ ತೆರೆದೆ. ಸವಾರಿ ಬಂಡಿಯೂ, ಅಬ್ಬಲಿಗೆ ಹೂವೂ ಕಣ್ಣ ಮುಂದೆ ಬಂದವು. “ತಲಿನೋವು” ಎಂದುಬಿಟ್ಟೆ. ಅವರು ಕೆಂಪು ಔಷಧ ತುಂಬಿದ ಬಾಟಲಿ ಕೊಟ್ಟರು. ಎಷ್ಟು ಕುಡಿಯಬೇಕೆಂದು ತಿಳಿಯಲು ಅದರ ಹೊರಗೆ ಕಾಗದದ ಪಟ್ಟಿ ಅಂಟಿಸಿದ್ದರು. ಇಲ್ಲದ ತಲೆನೋವಿಗೆ ಪಟ್ಟಿ ತಪ್ಪದೆ ಕುಡಿದು ಹೊಟ್ಟೆನೋವು ತಂದುಕೊಂಡೆ. ಆಗಿನದರಲ್ಲಿ ನಗಬಹುದಾದದ್ದು ಅದೊಂದೇ.

ಇನ್ನೊಂದು ವಾರಕ್ಕೆ ಕಲ್ಲೋಳಿಯಿಂದ ಹೇಳಿಕಳಿಸಿದರು. ಅಲ್ಲಿ ಅತ್ತೆಯ ಅಕ್ಕನಿಗೆ ಮೈಯಲ್ಲಿ ಹುಷಾರಿರಲಿಲ್ಲ. “ನಾಳಿ ಸಂಜಿಕ್ಕ ಬರತೇನಿ. ರೊಟ್ಟಿ ಮಾಡಿಟ್ಟೇನಿ. ಕೂಸಿನ ಕಡೆ ಲಕ್ಷ್ಯ ಇರಲಿ” ಎಂದು ಹೇಳಿ ಅತ್ತೆ ಬೆಳಗಿನ ಬಸ್ಸಿಗೆ ಹೊರಟರು. ಹೋಗಬೇಡಿರಿ ಎನ್ನಲು ಬಾಯಿ ಬರಲಿಲ್ಲ. ಯಾಕೆ ಎಂದು ಕೇಳಿದರೆ ಏನು ಹೇಳುವುದು?

ಬಸ್ಸಿನ ಸದ್ದು ಕೇಳದಂತಾದ ಮೇಲೆ ಮನೆ ಎಷ್ಟು ದೊಡ್ಡದೆಂದು ಗೊತ್ತಾಯಿತು. ಕೂಸಿಗೆ ಹಾಲು ಕುಡಿಸಿ ತೊಟ್ಟಿಲಿಗೆ ಹಾಕಿದೆ. ಅದು ನನ್ನ ಮುಖ ನೋಡಿ ನಕ್ಕಿತು. ಅದನ್ನು ನೋಡಲಾಗದೆ ಹೊರಗೆ ಬಂದು ಬಾಗಿಲೆಳೆದು ಚಿಲಕ ಹಾಕಿ, ಕಟ್ಟೆಯ ಮೇಲೆ ಕೂತೆ. ಬಾಗಿಲಿನ ಆಚೆ ಕೂಸಿದ್ದರೆ, ಈಚೆ ನಾನಿದ್ದರೆ, ಕೂಸಿಗೆ ಏನೂ ಆಗುವುದಿಲ್ಲ. ಆಗ ನನಗೆ ತೋಚಿದ್ದು ಇಷ್ಟೇ.

ಎಷ್ಟು ಹೊತ್ತು ಕೂತೆನೋ ತಿಳಿಯದು. ಹೊತ್ತು ನೆತ್ತಿಗೇರಿತ್ತು. ಒಳಗೆ ಕೂಸು ಅಳತೊಡಗಿತು. ಮೊದಲು ಸಣ್ಣಗೆ, ಆಮೇಲೆ ಉಸಿರು ಕಟ್ಟುವಂತೆ. ನನ್ನ ಕುಬಸ ಹಾಲಿನಿಂದ ತೋಯ್ದುಹೋಯಿತು. ಎದ್ದು ಚಿಲಕಕ್ಕೆ ಕೈ ಹಾಕುವುದು, ಮತ್ತೆ ಬಂದು ಕೂರುವುದು. ಹಾಗೆ ಮಾಡುತ್ತಿದ್ದಾಗ ಬೀಬಕ್ಕ ಓಣಿಯಲ್ಲಿ ಹೋಗುತ್ತಿದ್ದವಳು ನಿಂತಳು.

“ಕೂಸು ಅಳಾಕತ್ತೈತಿ, ಶಾಂತವ್ವ. ಹೊರಗ ಯಾಕ ಕುಂತಿ?”

“ಒಳಗ ಹೋಗಬ್ಯಾಡ ಅಂತ ನನಗ ಹೇಳ್ರಿ, ಬೀಬಕ್ಕ” ಎಂದೆ. ನಾನು ಹೇಳಬೇಕೆಂದುಕೊಂಡದ್ದು ಅದಲ್ಲ. ಬಾಯಿಗೆ ಬಂದದ್ದು ಅದು.

ಅವಳು ನನ್ನನ್ನು ಒಮ್ಮೆ ಕೆಳಗಿನಿಂದ ಮೇಲಿನತನಕ ನೋಡಿದಳು. ಚಿಲಕ ತೆಗೆದು ಒಳಗೆ ಹೋಗಿ ಕಮಲಳನ್ನು ಎತ್ತಿಕೊಂಡು ಬಂದಳು. ನನ್ನ ಬಾಜೂಕ್ಕೆ, ಮೈಗೆ ಮೈ ತಾಗುವಂತೆ ಕೂತಳು. ಕೂಸನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡು ನನ್ನ ಎದೆಗೆ ಹಿಡಿದಳು. ಕೂಸು ಕುಡಿಯತೊಡಗಿತು.

“ನಿದ್ದಿ ಮಾಡಿ ಎಷ್ಟ ದಿನಾ ಆತು?”

“ನೆನಪಿಲ್ರಿ.”

“ಏನ ಕಾಣತೈತಿ ನಿನಗ?”

ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹೇಳಿದೆ. ಈಳಿಗೆ, ಬಾವಿ, ಕುದಿನೀರು, ಎಲ್ಲ. ಹೇಳುತ್ತ ಹೇಳುತ್ತ, ಈಗ ಇವಳು ಕೂಸನ್ನು ಎತ್ತಿಕೊಂಡು ಊರ ಮಂದಿಯನ್ನು ಕರೆಯಲು ಓಡುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಏಳಲಿಲ್ಲ.

“ಇದನ್ನ ನಾ ಬ್ಯಾರೆ ಮನ್ಯಾಗೂ ನೋಡೇನಿ” ಎಂದಳು. “ಬಾಣಂತ್ಯಾರಿಗೆ ಬರತೈತಿ. ಒಬ್ಬಾಕಿ ಕತ್ತರಿ ನೋಡಿ ಅಂಜತಿದ್ಲು, ಒಬ್ಬಾಕಿ ದಿಂಬು ನೋಡಿ. ನಿನಗ ಬೇಕಾಗಿ ಕರದದ್ದಲ್ಲ ಅದು. ಜ್ವರಾ ಬಂದಂಗ ಬಂದೈತಿ. ಆದ್ರ ಒಬ್ಬಾಕೀನ ಮನಸ್ಸಿನ್ಯಾಗ ಇಟಗೊಂಡು ಕುಂಡ್ರಬ್ಯಾಡ. ನಿಮ್ಮತ್ತಿಗೆ ಹೇಳಬೇಕು.”

“ಅತ್ತಿಗೆ ಹೇಳಬ್ಯಾಡ್ರಿ. ನನ್ನ ಧಾರವಾಡಕ್ಕ ಕಳಸ್ತಾರ. ಕೂಸಿನ್ನ ಇಟಗೋತಾರ.”

“ಕಳಸಬಹುದು, ಕಳಸದ ಇರಬಹುದು. ಅದು ನನಗ ಗೊತ್ತಿಲ್ಲ” ಎಂದಳು ಬೀಬಕ್ಕ. “ನಿನಗ ಸುಳ್ಳ ಧೈರ್ಯಾ ಹೇಳೂದಿಲ್ಲ. ಆದ್ರ ಹಿಂಗ ಚಿಲಕಾ ಹಾಕ್ಕೊಂಡು ಎಷ್ಟ ದಿನಾ ಕುಂಡ್ರತಿ?”

ಆ ದಿನವೂ ಮರುದಿನವೂ ಬೀಬಕ್ಕ ನಮ್ಮ ಮನೆಯಲ್ಲೇ ಉಳಿದಳು. ಮರುದಿನ ಸಂಜೆ ಅತ್ತೆ ಬಸ್ಸಿಳಿದು ಬಂದರು. ಕಾಲು ತೊಳೆಯಲು ನೀರು ಕೊಟ್ಟೆ. “ಹೇಳವಾ” ಎಂದಳು ಬೀಬಕ್ಕ, ತೊಟ್ಟಿಲು ತೂಗುತ್ತ. ನಾನು ಗೋಡೆಯ ಕಡೆ ಮುಖ ಮಾಡಿ ಹೇಳಿದೆ. ಅತ್ತೆ ಕಾಲು ತೊಳೆಯುವುದನ್ನು ನಿಲ್ಲಿಸಲಿಲ್ಲ. ತೊಳೆದ ಕಾಲನ್ನೇ ಮತ್ತೆ ತೊಳೆದರು. ಆಮೇಲೆ ಎದ್ದು ಹಿತ್ತಿಲಿಗೆ ಹೋದರು. ಯಾರನ್ನೋ ಕರೆಯಲು ಹೋದರೆಂದೇ ತಿಳಿದೆ. ಕೂಸಿನ ಮುಖವನ್ನು ಇನ್ನೊಮ್ಮೆ ನೋಡಿಕೊಳ್ಳಬೇಕೆನ್ನಿಸಿತು, ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ.

ಹಿತ್ತಿಲ ಬಾಗಿಲು ಮುಚ್ಚಿದ ಸದ್ದು, ಕೀಲಿ ತಿರುವಿದ ಸದ್ದು ಕೇಳಿಸಿತು. ಅತ್ತೆ ತಿರುಗಿ ಬಂದು ಆ ಕೀಲಿಯನ್ನು ತಮ್ಮ ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡರು.

“ಬಾವಿ ಕಡೆ ಬಾಗಲಾ ಹಾಕೇನಿ” ಎಂದರು. “ನಿನ್ನ ಮ್ಯಾಲೆ ಸಂಶೇ ಬಂದು ಹಾಕಿದ್ದಲ್ಲ. ಕಾಯೂ ಕೆಲಸಾ ನಿನಗ ತಪ್ಪಲಿ ಅಂತ ಹಾಕೇನಿ. ಇನ್ನ ನಾ ಕಾಯತೇನಿ. ನೀ ಮಲಗು.”

ಒಳಗಿನ ಖೋಲಿಯಲ್ಲಿ ಹಾಸಿಗೆ ಹಾಸಿ ನನ್ನನ್ನು ಮಲಗಿಸಿದರು. ಹಾಲು ಕುಡಿಸಲು ಮಾತ್ರ ಎಬ್ಬಿಸುವುದು, ಕೂಸನ್ನು ತಾವೇ ಹಿಡಿದು ಕೂರುವುದು, ಮತ್ತೆ ಮಲಗು ಎನ್ನುವುದು. ಮೊದಲ ದಿನ ಮಲಗಿದರೂ ನಿದ್ದೆ ಹತ್ತಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮಲಗಿದವಳು ಸಂಜೆ ದೀಪ ಹಚ್ಚುವಾಗ ಎದ್ದೆ. ಎದ್ದವಳಿಗೆ ಮೊದಲು ಆದದ್ದು ಹಸಿವು. ಅಂಜಿಕೆ ಅದರ ಹಿಂದಿನಿಂದ ಬಂತು. ಆವರೆಗೆ ಯಾವಾಗಲೂ ಅದೇ ಮೊದಲು ಬರುತ್ತಿತ್ತು.

ಶನಿವಾರ ಬಂದ ನಮ್ಮವರಿಗೆ ಅತ್ತೆಯೇ ಹೇಳಿದರು. ಅವರು ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿದರು. ಆಮೇಲೆ ಗಣಿತದ ಮಾಸ್ತರರಿಗೆ ತಕ್ಕಂತೆ ಒಂದು ಕಾಗದ ತೆಗೆದು, ಪಟ್ಟಿಯಿಂದ ಗೆರೆ ಎಳೆದು, ನಾನು ಎಷ್ಟು ಹೊತ್ತಿಗೆ ಉಣ್ಣಬೇಕು, ಎಷ್ಟು ಹೊತ್ತಿಗೆ ಮಲಗಬೇಕು ಎಂದು ವೇಳಾಪತ್ರಿಕೆ ಬರೆದರು. ಕೂಸಿಗೂ ಒಂದು ಬರೆದರು. ಕಮಲಾ ಅದನ್ನು ಒಂದು ದಿನವೂ ಪಾಲಿಸಲಿಲ್ಲ. ಮತ್ತೆ ಗೋಕಾವಿಗೆ ಹೋದೆವು. ಈ ಸಲ ಡಾಕ್ಟರರಿಗೆ ತಲೆನೋವು ಎನ್ನಲಿಲ್ಲ. ಅವರು ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿದರು. “ಮೊದಲ ಹೇಳಿದ್ರ ಆ ಕೆಂಪು ನೀರು ಕುಡಿಯೂದು ತಪ್ಪತಿತ್ತು” ಎಂದರು. ಮೈಯಲ್ಲಿ ರಕ್ತ ಕಡಿಮೆಯಿದೆಯೆಂದು ಬೇರೆ ಔಷಧ ಕೊಟ್ಟರು. ನಿದ್ದೆ ಮುಖ್ಯ, ಒಬ್ಬಳನ್ನೇ ಬಿಡಬೇಡಿ, ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಿ, ಕಡಿಮೆಯಾಗದಿದ್ದರೆ ಬೆಳಗಾವಿಯ ದೊಡ್ಡ ಡಾಕ್ಟರರಿಗೆ ಚೀಟಿ ಕೊಡುತ್ತೇನೆ ಎಂದು ನಮ್ಮವರಿಗೆ ಹೇಳಿದರು. ಧಾರವಾಡದ ಮಾತು ಅವರ ಬಾಯಿಂದ ಬರಲಿಲ್ಲ.

ಅಂಜಿಕೆ ಒಂದೇ ಸಲಕ್ಕೆ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ದಿನ ಇಲ್ಲ, ಎರಡು ದಿನ ಇಲ್ಲ, ಮೂರನೆಯ ದಿನ ರೊಟ್ಟಿ ಬಡಿಯುವಾಗ ಧುತ್ತೆಂದು ಬಂದುಬಿಡುತ್ತಿತ್ತು. ಅಂಥ ಒಂದು ದಿನ ಅತ್ತೆ “ಹೆಂಗದೀ?” ಎಂದು ಕೇಳಿದರು. ಅಭ್ಯಾಸಬಲದಿಂದ “ಆರಾಮ ಅದೇನ್ರಿ” ಎಂದೆ. ಅತ್ತೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು.

“ನನ್ನ ಬೆನ್ನಿಗೆ ಬಿದ್ದಾಕಿ ಒಬ್ಬಾಕಿ ತಂಗಿ ಇದ್ಲು” ಎಂದರು. “ಹಡದು ಮೂರ ತಿಂಗಳಿಗೆ ನಿನ್ನಂಗ ಆಗಿದ್ಲು. ದಿನಾ ಕೇಳತಿದ್ದೆವು. ದಿನಾ ಆರಾಮ ಅದೇನಿ ಅಂತಿದ್ಲು. ನಮಗೂ ಅಷ್ಟ ಸಾಕಾಗಿತ್ತು. ಇನ್ನೊಮ್ಮೆ ಯಾರೂ ಕೇಳಲಿಲ್ಲ.”

ಮುಂದೆ ಏನಾಯಿತೆಂದು ಅವರು ಹೇಳಲಿಲ್ಲ. ಸೆರಗಿನ ಚುಂಗಿನಲ್ಲಿದ್ದ ಬಾವಿಬಾಗಿಲ ಕೀಲಿಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಂಡರು. ನನಗೂ ಕೇಳಬೇಕಾಗಲಿಲ್ಲ.

“ಈ ಮನ್ಯಾಗ ಆ ಮಾತು ಬ್ಯಾಡ” ಎಂದರು ಅತ್ತೆ. “ಬಂದಿದ್ರ ಬಂದೈತಿ ಅನ್ನು. ಇಲ್ಲಂದ್ರ ಇಲ್ಲ ಅನ್ನು.”

ಅಂದಿನಿಂದ ಅದು ನಮ್ಮ ಮನೆಯ ಕಾಯದೆಯಾಯಿತು. ಬೆಳಿಗ್ಗೆ ಅತ್ತೆ ಕೇಳುವುದು, ನಾನು ಇದ್ದದ್ದು ಇದ್ದಂತೆ ಹೇಳುವುದು. ಬಂದಿದೆ ಎಂದ ದಿನ ಕೂಸಿನ ಕೆಲಸ ಪೂರ್ತಿ ಅವರದು. ನನಗೆ ಸೆಗಣಿ ಬಳಿಯುವ, ಶೇಂಗಾ ಒಡೆಯುವ ಕೆಲಸ. ಮಧ್ಯಾಹ್ನ ಬೀಬಕ್ಕನ ಮನೆತನಕ ನಡೆದುಹೋಗಿ ಬರಬೇಕು, ಚಪ್ಪಲಿ ಕಿತ್ತರೂ ಸೈ. ಬೀಬಕ್ಕ ಆಮೇಲೆ ಹೇಳಿದಳು, ದಿನಾ ಬಂದು ಅವಳ ಕೋಳಿಗಳನ್ನೆಲ್ಲ ಅಂಜಿಸಿ ಹೋಗುತ್ತಿದ್ದೆನಂತೆ. ನನ್ನನ್ನು ನೋಡಿ ಅಂಜುವವರೂ ಇದ್ದಾರೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ಕಮಲಾ ತೆವಳುವ ಹೊತ್ತಿಗೆ ‘ಇಲ್ಲ’ ಎನ್ನುವ ದಿನಗಳು ಹೆಚ್ಚಾದವು. ಅವಳು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ನಾನೇ ಅವಳಿಗೆ ಎರೆಯತೊಡಗಿದ್ದೆ. ಮೊದಲ ದಿನ ಅತ್ತೆ ಬಚ್ಚಲ ಬಾಗಿಲಲ್ಲಿ ಬೆನ್ನು ಮಾಡಿ ಕೂತು ಅಕ್ಕಿ ಆರಿಸಿದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ಎದ್ದುಹೋಗಲೂ ಇಲ್ಲ.

ನಾಲ್ಕು ವರ್ಷದ ನಂತರ ನಮ್ಮ ಮಗ ಹುಟ್ಟಿದ. ಈ ಸಲ ಬರುವುದಿಲ್ಲವೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಕೂಸಿಗೆ ತಿಂಗಳು ತುಂಬಿತ್ತು. ಬೆಳಗಿನ ಬಿಸಿಲು ಅಡುಗೆಮನೆಯ ಬೆಳಕಿಂಡಿಯಿಂದ ಬೀಳುತ್ತಿತ್ತು. ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನೆತ್ತಿಗೆ ಎಣ್ಣೆ ಒತ್ತುತ್ತಿದ್ದೆ. ಬೆರಳ ಕೆಳಗೆ ಆ ಮೆತ್ತಗಿನ ನೆತ್ತಿ ಮಿಡಿಯುತ್ತಿತ್ತು. ಚಿತ್ರ ಬಂತು.

ಕೈ ತೆಗೆದೆ. ಹೇಳದಿದ್ದರೂ ನಡೆದೀತು, ತಾನೇ ಹೋದೀತು ಎಂದು ಒಂದು ಕ್ಷಣ ಅನ್ನಿಸಿತು.

“ಅತ್ತಿ” ಎಂದೆ. “ಬಂದೈತ್ರಿ.”

ಅತ್ತೆ ಬಡಿಯುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ನನ್ನ ಬಾಜೂಕ್ಕೆ ಕೂತರು. ಒಂದು ಕೈಯನ್ನು ಕೂಸಿನ ಮೇಲೆ ಇಟ್ಟರು, ಇನ್ನೊಂದನ್ನು ನನ್ನ ಬೆನ್ನ ಮೇಲೆ. ಒಲೆಯ ಮೇಲೆ ಹಂಚಿನಲ್ಲಿದ್ದ ರೊಟ್ಟಿ ಸೀಯತೊಡಗಿತು. ಮನೆಯೆಲ್ಲ ಹೊಗೆ ತುಂಬಿತು. ಅತ್ತೆ ಏಳಲಿಲ್ಲ.